ಹಳೆಯ ಮಾನಸಿಕ ಆಸ್ಪತ್ರೆಗಳ ನಕ್ಷೆ ಮತ್ತು ಬಳ್ಳಾರಿಯ ಒಂದು ಕಲ್ಲು ಕಟ್ಟಡ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಟ್ರಸ್ಟಿಗೆ ಬ್ರಿಟಿಷರ ಕಾಲದ ಒಂದು ಕಲ್ಲಿನ ಕಟ್ಟಡ ದೀರ್ಘಾವಧಿ ಬಾಡಿಗೆಗೆ ಸಿಕ್ಕಿದೆ. ಮಾನಸಿಕ ಆರೋಗ್ಯದ ಹಗಲು ಆರೈಕೆ ಕೇಂದ್ರ ಮಾಡಬೇಕು, ದಿನಕ್ಕೆ 30 ಜನ ಬರುತ್ತಾರೆ, ಜೊತೆಗೆ 10 ಹಾಸಿಗೆ ಹಾಕುವ ಆಸೆಯಿದೆ. ಕಟ್ಟಡ ಉತ್ತರ ದಕ್ಷಿಣವಾಗಿ 72 ಅಡಿ ಉದ್ದ, 36 ಅಡಿ ಅಗಲ. ನಡುವೆ 6 ಅಡಿ ಕಾರಿಡಾರು, ಪೂರ್ವಕ್ಕೆ ಆರು, ಪಶ್ಚಿಮಕ್ಕೆ ಆರು ಕೋಣೆ, ಒಂದೊಂದೂ 10 ಅಡಿಗೆ 12 ಅಡಿ. ಗೋಡೆ ಒಂದೂವರೆ ಅಡಿ ದಪ್ಪ, ಚಾವಣಿ 14 ಅಡಿ ಎತ್ತರದ ಮದ್ರಾಸ್ ತಾರಸಿ, ಪಶ್ಚಿಮಕ್ಕೆ ಜಗಲಿ. ಕಾರಿಡಾರಿನ ದಕ್ಷಿಣ ತುದಿಯಲ್ಲಿ ಯಾವಾಗಲೋ ಶೌಚಾಲಯ ಕಟ್ಟಿದ್ದಾರೆ. ಹಳೆಯ ಹುಚ್ಚಾಸ್ಪತ್ರೆಗಳ ಚಿತ್ರ ನೋಡಿದರೆ ಉದ್ದನೆಯ ಕಾರಿಡಾರು, ಎತ್ತರದ ಕಿಟಕಿ, ಗೋಪುರ ಕಾಣುತ್ತವೆ. ಅವನ್ನು ಹಾಗೆ ಕಟ್ಟಿದ್ದೇಕೆ? ಅದರಿಂದ ನಾವು ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ನೀವು ಹಾಗೇ ಹೇಳಿ ಮುಂದೆ ಹೋದ ಆ ಶೌಚಾಲಯ. ಮೊದಲು ಅದನ್ನು ಕೆಡವಿ. ಬಣ್ಣ, ಹಾಸಿಗೆ, ಬೋರ್ಡು ಎಲ್ಲ ಆಮೇಲೆ. ಎರಡೂ ಬದಿ ಕೋಣೆಯಿರುವ ಕಾರಿಡಾರಿಗೆ ಬೆಳಕು ಮತ್ತು ಗಾಳಿ ಬರುವುದು ಎರಡು ತುದಿಗಳಿಂದ ಮಾತ್ರ. ಒಂದು ತುದಿ ಮುಚ್ಚಿದರೆ ಅದು ಕಾರಿಡಾರಾಗಿ ಉಳಿಯುವುದಿಲ್ಲ, ಬಾಯಿ ಕಟ್ಟಿದ ಚೀಲವಾಗುತ್ತದೆ. ಇನ್ನೊಂದು ತುದಿಯಿಂದ ಬಂದ ಗಾಳಿಗೆ ಹೋಗಲು ದಾರಿಯಿಲ್ಲ, ಆದ್ದರಿಂದ ಅದು ಬರುವುದೂ ಇಲ್ಲ. ಅದರ ಮೇಲೆ ಶೌಚಾಲಯದ ವಾಸನೆ ಒಳಕ್ಕೇ ತಿರುಗುತ್ತದೆ.

ಈ ಮಾತು ಹೊಸದಲ್ಲ. ಅಮೆರಿಕದ ಮಾನಸಿಕ ಆಸ್ಪತ್ರೆಗಳ ಮುಖ್ಯಸ್ಥರೆಲ್ಲ ಸೇರಿ 1851ರಲ್ಲಿ ಆಸ್ಪತ್ರೆ ಕಟ್ಟುವುದಕ್ಕೆ 26 ನಿಯಮಗಳನ್ನು ಒಪ್ಪಿಕೊಂಡರು. ಎರಡೂ ಬದಿ ಕೋಣೆಗಳಿದ್ದರೆ ಕಾರಿಡಾರಿನ ಎರಡೂ ತುದಿಗೆ ತೆರೆದು ಮುಚ್ಚುವ ಗಾಜಿನ ಕಿಟಕಿ ಇರಲೇಬೇಕು ಎಂಬುದು ಅವುಗಳಲ್ಲೊಂದು. ಈ ನಿಯಮಗಳ ಹಿಂದೆ ಮುಖ್ಯವಾಗಿ ದುಡಿದವರು ಫಿಲಡೆಲ್ಫಿಯಾದ ವೈದ್ಯ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್. ನೀವು ಚಿತ್ರಗಳಲ್ಲಿ ನೋಡಿರುವ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡೂ ಕಡೆ ಹರಡಿಕೊಂಡ ಭಾರಿ ಕಟ್ಟಡಗಳು ಬಹುಪಾಲು ಅವರ ನಕ್ಷೆಯವು. ಮೊದಲನೆಯದು ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ 1848ರಲ್ಲಿ ತೆರೆಯಿತು.

ಆ ನಕ್ಷೆ ಓದುವುದು ಕಷ್ಟವಲ್ಲ. ನಡುವೆ ಆಡಳಿತದ ಕಟ್ಟಡ. ಅದರ ಎಡಕ್ಕೊಂದು, ಬಲಕ್ಕೊಂದು ರೆಕ್ಕೆ, ಒಂದು ಹೆಂಗಸರಿಗೆ, ಇನ್ನೊಂದು ಗಂಡಸರಿಗೆ. ರೆಕ್ಕೆ ಒಂದೇ ಗೆರೆಯಲ್ಲಿ ಹೋಗುವುದಿಲ್ಲ. ಒಂದು ವಾರ್ಡು ಮುಗಿದ ಕಡೆ ಮುಂದಿನ ವಾರ್ಡು ಒಂದಿಷ್ಟು ಹಿಂದಕ್ಕೆ ಸರಿದು ಶುರುವಾಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ಹೀಗೆ ಹಿಂದೆ ಸರಿಸಿದ್ದು ಚೆಂದಕ್ಕಲ್ಲ. ನೇರ ಗೆರೆಯಲ್ಲಿ ಕಟ್ಟಿದ್ದರೆ ಮೊದಲನೇ ವಾರ್ಡಿನ ಕಾರಿಡಾರಿನ ತುದಿ ಎರಡನೆಯದಕ್ಕೆ ಅಂಟಿ ಮುಚ್ಚಿಹೋಗುತ್ತಿತ್ತು. ಹಿಂದೆ ಸರಿಸಿದ್ದರಿಂದ ಪ್ರತಿ ವಾರ್ಡಿಗೂ ತನ್ನದೇ ಬೆಳಕು, ತನ್ನದೇ ಗಾಳಿ ಸಿಕ್ಕಿತು, ಒಂದು ವಾರ್ಡಿನ ಗದ್ದಲ ಇನ್ನೊಂದಕ್ಕೆ ಕಡಿಮೆಯಾಯಿತು. ಅಂದರೆ ಅಷ್ಟು ದೊಡ್ಡ ಕಟ್ಟಡದ ಆಕಾರವನ್ನೆಲ್ಲ ನಿರ್ಧರಿಸಿದ್ದು ಕಾರಿಡಾರಿನ ತುದಿಯ ಕಿಟಕಿ. ನಿಮ್ಮಲ್ಲಿ ಅದೇ ತುದಿಗೆ ಕಕ್ಕಸು ಕಟ್ಟಿದ್ದಾರೆ.

ತೀರ ಗಲಾಟೆ ಮಾಡುವವರನ್ನು ರೆಕ್ಕೆಯ ಹೊರತುದಿಯಲ್ಲಿ ಇಡುತ್ತಿದ್ದರು. ಸುಧಾರಿಸಿದಂತೆ ಒಂದೊಂದು ವಾರ್ಡು ದಾಟಿಸಿ ನಡುಭಾಗದ ಹತ್ತಿರ ತರುತ್ತಿದ್ದರು. ಮನೆಗೆ ಹೋಗುವ ಬಾಗಿಲು ಇದ್ದದ್ದು ನಡುವೆ, ಹಾಗಾಗಿ ರೋಗಿಗೂ ತಾನು ಎಲ್ಲಿಯವರೆಗೆ ಬಂದೆ ಎಂಬುದು ಗೊತ್ತಾಗುತ್ತಿತ್ತು. ಆ ಕಾಲಕ್ಕೆ ಗುಣವಾಗುವಂಥ ಔಷಧ ಇರಲಿಲ್ಲ, ತೀವ್ರ ಮನೋರೋಗಕ್ಕೆ ಕೊಡುವ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದದ್ದು 1952ರಲ್ಲಿ. ಅದಕ್ಕೆ ಮೊದಲು ವೈದ್ಯರ ಕೈಯಲ್ಲಿದ್ದದ್ದು ದಿನಚರಿ, ಕೆಲಸ, ತೋಟ, ಬೆಳಕು ಮತ್ತು ಕಟ್ಟಡ. ಕಟ್ಟಡವೇ ಮದ್ದು ಎಂದು ಅವರು ನಿಜವಾಗಿಯೂ ನಂಬಿದ್ದರು. ನಂಬಿಕೆ ಅತಿಯಾಯಿತು, ಆದರೆ ಆ ನಂಬಿಕೆಯಿಂದ ಬಂದ ಅಳತೆಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

1851ರ ನಿಯಮಗಳ ಅಳತೆ ಹೀಗಿವೆ. ಒಬ್ಬರ ಕೋಣೆ 8 ಅಡಿಗೆ 10 ಅಡಿಗಿಂತ ಚಿಕ್ಕದಿರಬಾರದು, ಚಾವಣಿ 12 ಅಡಿಗಿಂತ ಕೆಳಗಿರಬಾರದು. ಒಂದು ಕಟ್ಟಡದಲ್ಲಿ ಹೆಚ್ಚೆಂದರೆ 250 ಮಂದಿ, 200 ಆದರೆ ಒಳ್ಳೆಯದು. ಗಂಡಸರಿಗೆ ಎಂಟು, ಹೆಂಗಸರಿಗೆ ಎಂಟು ಬೇರೆ ಬೇರೆ ವಾರ್ಡು. ಮೆಟ್ಟಿಲು ಕಲ್ಲಿನದೋ ಕಬ್ಬಿಣದ್ದೋ ಆಗಿರಬೇಕು, ಬೆಂಕಿ ಬಿದ್ದಾಗ ಮೊದಲು ಉರಿಯುವುದು ಮರದ ಮೆಟ್ಟಿಲು. ದಿನಕ್ಕೆ 10,000 ಗ್ಯಾಲನ್ ನೀರನ್ನು ಕಟ್ಟಡದ ಅತಿ ಎತ್ತರದ ಭಾಗಕ್ಕೂ ಮುಟ್ಟುವ ಹಾಗೆ ಮೇಲೆತ್ತಬೇಕು. ನೀವು ನೋಡಿದ ಗೋಪುರಗಳಲ್ಲಿ ಕೆಲವು ನೀರಿನ ಟ್ಯಾಂಕು ಹೊತ್ತವು, ಕೆಲವು ವಾರ್ಡಿನ ಕೆಟ್ಟ ಗಾಳಿ ಹೊರಹೋಗುವ ಕೊಳವೆಯ ತುದಿ. ಸಿನಿಮಾದವರಿಗೆ ಅವು ದೆವ್ವದ ಮನೆ ಕಂಡ ಹಾಗೆ ಕಂಡರೆ ಅದು ಕಟ್ಟಿದವರ ತಪ್ಪಲ್ಲ.

ಕಿಟಕಿಯ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1796ರಲ್ಲಿ ತೆರೆದ ರಿಟ್ರೀಟ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ಕಿಟಕಿಗೆ ಸರಳು ಹಾಕಲಿಲ್ಲ. ಗಾಜು ಕೂರಿಸುವ ಪಟ್ಟಿಗಳನ್ನೇ ಕಬ್ಬಿಣದಲ್ಲಿ ಮಾಡಿ, ಮರದ ಹಾಗೆ ಕಾಣುವಂತೆ ಬಣ್ಣ ಬಳಿದರು. ಹೊರಗಿನಿಂದಲೂ ಒಳಗಿನಿಂದಲೂ ಅದು ಯಾರದೋ ಮನೆಯ ಕಿಟಕಿ, ಆದರೆ ಒಬ್ಬ ಮನುಷ್ಯ ನುಸುಳುವಂತಿಲ್ಲ. ಮುಂದಿನ ನೂರು ವರ್ಷ ಎಲ್ಲರೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಮಾಡಿದರು: ಗಾಜಿನ ಚೌಕ ತಲೆ ತೂರದಷ್ಟು ಕಿರಿದು, ಮೇಲೆ ಕೆಳಗೆ ಸರಿಯುವ ಕಿಟಕಿ ನಾಲ್ಕೈದು ಅಂಗುಲ ತೆರೆದು ನಿಲ್ಲುವಂತೆ ಒಳಗೊಂದು ತಡೆ. ಅಂಗಳದ ಗೋಡೆಯಲ್ಲೂ ಇದೇ ಉಪಾಯ. ಗೋಡೆಯ ಒಳಬದಿಗೆ ಇಳಿಜಾರಿನ ಕಂದಕ ತೋಡಿ ಗೋಡೆಯನ್ನು ಅದರ ತಳದಿಂದ ಎಬ್ಬಿಸುತ್ತಿದ್ದರು. ಕಂದಕದಲ್ಲಿ ಇಳಿದವನಿಗೆ ಗೋಡೆ ಎತ್ತರ, ಅಂಗಳದಲ್ಲಿ ಕುಳಿತವನಿಗೆ ಗೋಡೆ ಮೊಣಕಾಲಿನಷ್ಟು, ಅದರಾಚೆ ಹೊಲ ಕಾಣುತ್ತದೆ. ಇದಕ್ಕೆ ಎದುರಾಗಿ ವಿಯೆನ್ನಾದ 1784ರ ಹುಚ್ಚರ ಗೋಪುರವನ್ನು ಇಟ್ಟು ನೋಡಿ. ಐದು ಅಂತಸ್ತಿನ ದುಂಡು ಕಟ್ಟಡ, 139 ಕೋಣೆ, ಕಿಟಕಿ ಎಂದರೆ ಬರೀ ಸೀಳು. ಕಾವಲು ಸುಲಭವಾಯಿತು, ಬೇರೇನೂ ಆಗಲಿಲ್ಲ. ಈಗ ಅದು ಮ್ಯೂಸಿಯಂ.

ಇವುಗಳೆಲ್ಲ ಹಾಳಾದದ್ದು ಹೇಗೆ? ನಕ್ಷೆ ಕೆಟ್ಟದ್ದಿತ್ತು ಎಂದು ಹೇಳುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಕೆಟ್ಟದ್ದು ಲೆಕ್ಕ. 250 ಮಂದಿಗೆ ಕಟ್ಟಿದ ಕಡೆ ಸಾವಿರಾರು ಮಂದಿಯನ್ನು ತುಂಬಿದರು. 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.59 ಲಕ್ಷ ಜನ ಇದ್ದರು. ಮೊದಲು ಕಾರಿಡಾರಿಗೆ ಮಂಚ ಬಂತು. ಕಾರಿಡಾರು 12 ಅಡಿ ಅಗಲ ಇಟ್ಟದ್ದೇ ಜನ ಹಗಲು ಅಲ್ಲಿ ಓಡಾಡಲಿ, ಕೂರಲಿ ಎಂದು. ಮಂಚ ಬಂದಾಗ ಹಗಲಿನ ಜಾಗ ಹೋಯಿತು. ಹಗಲಿನ ಜಾಗ ಹೋದಮೇಲೆ ಗದ್ದಲ ಹೆಚ್ಚಾಯಿತು, ಗದ್ದಲಕ್ಕೆ ಬೀಗ ಬಂತು, ಬೀಗದ ಮೇಲೆ ಸರಳು ಬಂತು. ಕರ್ಕ್‌ಬ್ರೈಡ್ ನಕ್ಷೆಯ ಹಲವು ಕಟ್ಟಡಗಳನ್ನು ಈಚೆಗೆ ಕೆಡವಿದ್ದಾರೆ. ನ್ಯೂಜೆರ್ಸಿಯ ಗ್ರೇಸ್ಟೋನ್ ಪಾರ್ಕ್ 2015ರಲ್ಲಿ ನೆಲಕ್ಕುರುಳಿತು. ಎಚ್.ಎಚ್. ರಿಚರ್ಡ್‌ಸನ್ ವಿನ್ಯಾಸ ಮಾಡಿದ ಬಫಲೋದ ಕಟ್ಟಡ ಮಾತ್ರ ಅದೃಷ್ಟವಂತ, ಅದರ ನಡುಭಾಗ 2017ರಲ್ಲಿ ಹೋಟೆಲಾಯಿತು.

ನಮ್ಮ ಕಡೆಯ ನಂಟನ್ನೂ ಹೇಳಿಬಿಡುತ್ತೇನೆ. 1858ರ ಕಾಯ್ದೆಯಿಂದ ಈ ದೇಶದಲ್ಲಿ ಇಂಥ ಆಸ್ಪತ್ರೆಗಳಿಗೆ ಒಂದು ಚೌಕಟ್ಟು ಬಂತು. ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು, ಮದ್ರಾಸಿನ ಕಿಲ್ಪಾಕ್ ಆಸ್ಪತ್ರೆ 1871ರದು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನ ಕಡೆಗೆ ನೋಡುತ್ತಿದ್ದವು. ಉತ್ತರ ಕರ್ನಾಟಕದ ಬಾಯಲ್ಲಿ ಮಾತ್ರ ಉಳಿದದ್ದು ಧಾರವಾಡದ ಹುಚ್ಚಾಸ್ಪತ್ರೆ. ಯಾರಾದರೂ ತಲೆಹರಟೆ ಮಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರೀ’ ಎನ್ನುವುದು ಇಂದಿಗೂ ಕೇಳುತ್ತದೆ. ಬಾಗಿಲ ಮೇಲೆ ಯಾವ ಬೋರ್ಡು ಹಾಕಬೇಕೆಂದು ಯೋಚಿಸುವಾಗ ಈ ಮಾತು ನೆನಪಿರಲಿ, ‘ಮೆಂಟಲ್’ ಎಂಬ ಪದ ಅದರಲ್ಲಿ ಬೇಡ. ಇನ್ನೊಂದು ಸಂಗತಿ ನಿಮ್ಮೂರಿನದೇ. ದೊಡ್ಡ ಆಸ್ಪತ್ರೆ ಇಲ್ಲದೆಯೇ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಲ್ಲೇ ಔಷಧ ಸಿಗುವಂತೆ ಮಾಡಿ, ಇಡೀ ಜಿಲ್ಲೆಗೆ ಮಾನಸಿಕ ಚಿಕಿತ್ಸೆ ಮುಟ್ಟಿಸಬಹುದು ಎಂದು ನಿಮ್ಹಾನ್ಸ್ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾದದ್ದು ಆ ‘ಬಳ್ಳಾರಿ ಮಾದರಿ’. ಹಾಗಾಗಿ ಹಾಸಿಗೆ ಎಷ್ಟಿವೆ ಎಂಬುದರಿಂದ ನಿಮ್ಮ ಕೇಂದ್ರದ ಬೆಲೆ ಕಟ್ಟಬೇಡಿ.

ಈಗ ನಿಮ್ಮ 10 ಹಾಸಿಗೆಯ ಮಾತು. ನಿಮ್ಮ ಕೋಣೆ 120 ಚದರ ಅಡಿ. ಅದರಲ್ಲಿ ಎರಡು ಮಂಚ ಹಾಕಿದರೆ ಒಬ್ಬರಿಗೆ 60 ಚದರ ಅಡಿ. 1851ರವರು ಒಬ್ಬರಿಗೆ 80 ಕೇಳಿದ್ದರು. ನೂರೆಪ್ಪತ್ತು ವರ್ಷ ಹಿಂದಿನ ಕನಿಷ್ಠಕ್ಕಿಂತ ಕೆಳಗಿಳಿಯುವುದಕ್ಕೆ ಕಾರಣ ಹುಡುಕಬೇಡಿ. ಒಂದು ಕೋಣೆಗೆ ಒಂದೇ ಮಂಚ, ಒಟ್ಟು 6 ಹಾಸಿಗೆ. ಕೋಣೆಯಲ್ಲಿ ರಾತ್ರಿ ಮನೆಯವರೊಬ್ಬರು ಚಾಪೆ ಹಾಸಿ ಮಲಗುವುದಕ್ಕೂ ಜಾಗ ಉಳಿಯುತ್ತದೆ, ನಮ್ಮಲ್ಲಿ ಅದು ಬೇಕೇ ಬೇಕು.

ಯಾವ ಆರು ಕೋಣೆ? ಇಲ್ಲಿ ಪಶ್ಚಿಮ ದೇಶಗಳ ನಕ್ಷೆಯನ್ನು ಕಣ್ಣುಮುಚ್ಚಿ ಇಳಿಸಿಕೊಂಡರೆ ಕೆಡುತ್ತೀರಿ. ಅಲ್ಲಿಯವರು ಬಿಸಿಲು ಹುಡುಕಿಕೊಂಡು ಕಟ್ಟಿದರು, ಕೋಣೆಗೆ ಮರದ ನೆಲವೇ ಆಗಬೇಕೆಂದರು, ನೆಲಮಾಳಿಗೆಯಲ್ಲಿ ಉಗಿಯ ಕೊಳವೆಯಿಟ್ಟು ಗಾಳಿ ಬಿಸಿಮಾಡಿ ಮೇಲೆ ಕಳಿಸಿದರು. ನಮಗೆ ಬಿಸಿಲಿನಿಂದ ತಪ್ಪಿಸಿಕೊಳ್ಳುವುದೇ ಕೆಲಸ, ನೆಲಕ್ಕೆ ಶಹಾಬಾದ್ ಫರಸಿಯೇ ಸರಿ (ಪಾಲಿಶ್ ಮಾಡಿಸಬೇಡಿ, ಒದ್ದೆಯಾದರೆ ಜಾರುತ್ತದೆ). ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಈ ಎರಡನ್ನೂ ಎರಡಡಿಯ ಸಜ್ಜಾ ಬಹುಮಟ್ಟಿಗೆ ತಡೆಯುತ್ತದೆ. ತಡೆಯದಿರುವುದು ಪಶ್ಚಿಮದ ಇಳಿಬಿಸಿಲನ್ನು, ಅದು ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ.

ಒಂದೂವರೆ ಅಡಿಯ ಕಲ್ಲುಗೋಡೆ ಹೀರಿದ ಬಿಸಿಯನ್ನು ಒಳಗೆ ಬಿಡುವುದಕ್ಕೆ ಸುಮಾರು 10 ಗಂಟೆ ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಮೂರಕ್ಕೆ ಕಾದ ಪಶ್ಚಿಮದ ಗೋಡೆ ನಡುರಾತ್ರಿಯಲ್ಲಿ ಕೋಣೆಯನ್ನು ಕಾಯಿಸುತ್ತದೆ, ಜನ ನಿದ್ದೆ ಮಾಡಬೇಕಾದ ಹೊತ್ತಿಗೆ. ಪೂರ್ವದ ಗೋಡೆ ಬೆಳಗ್ಗೆ ಒಂಬತ್ತಕ್ಕೆ ಕಾದು ಸಂಜೆ ಬಿಸಿ ಬಿಡುತ್ತದೆ, ಮಲಗುವ ಹೊತ್ತಿಗೆ ತಣಿಯತೊಡಗಿರುತ್ತದೆ. ಇದು ಬರೀ ಆರಾಮದ ಪ್ರಶ್ನೆಯಲ್ಲ. ಮಾನಸಿಕ ಕಾಯಿಲೆಯ ಹಲವು ಔಷಧಗಳು ಬೆವರುವುದನ್ನೂ ಮೈ ತಂಪುಮಾಡಿಕೊಳ್ಳುವುದನ್ನೂ ಕುಗ್ಗಿಸುತ್ತವೆ. ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗುತ್ತದೆ. 40 ಡಿಗ್ರಿ ದಾಟುವ ಊರಿನಲ್ಲಿ ಕೋಣೆಯ ಬಿಸಿ ಚಿಕಿತ್ಸೆಯ ಭಾಗ. ಏಪ್ರಿಲಿನಲ್ಲಿ ಎರಡು ವಾರ ಪ್ರತಿ ಕೋಣೆಗೂ ಒಂದು ಥರ್ಮಾಮೀಟರು ನೇತುಹಾಕಿ, ಮಧ್ಯಾಹ್ನ ಮೂರು, ರಾತ್ರಿ ಹತ್ತು, ನಸುಕಿನ ನಾಲ್ಕಕ್ಕೆ ಬರೆದಿಡಿ. ಸಲಹೆಗಾರರ ವರದಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಹಾಗಾಗಿ ಹಂಚಿಕೆ ಹೀಗಿರಲಿ. ಪೂರ್ವದ ಸಾಲಿನ ಐದು ಕೋಣೆ, ಪಶ್ಚಿಮದ ಸಾಲಿನಲ್ಲಿ ಉತ್ತರದ ಮೂಲೆಯದೊಂದು, ಇವು ಮಲಗುವ ಕೋಣೆ. ಪಶ್ಚಿಮದ ಉಳಿದವು ವೈದ್ಯರ ಕೋಣೆ, ಕಚೇರಿ, ಔಷಧ ಇಲ್ಲದ ಉಗ್ರಾಣ, ಕೈಕೆಲಸದ ಜಾಗ. ಔಷಧ ಮಾತ್ರ ಪಶ್ಚಿಮಕ್ಕಿಡಬೇಡಿ, ಬಹುತೇಕ ಡಬ್ಬಿಗಳ ಮೇಲೆ 25 ಅಥವಾ 30 ಡಿಗ್ರಿಯ ಮಿತಿ ಬರೆದಿರುತ್ತದೆ. ಜಗಲಿಯ ಕಂಬಗಳ ನಡುವೆ ಬಿದಿರಿನ ತಟ್ಟಿ ಇಳಿಬಿಡಿ, ಹೊರಗೆ ಹದಿನೈದಡಿ ಬಿಟ್ಟು ಬೇವು ಹಚ್ಚಿರಿ. ತಟ್ಟಿಯ ಕೆಳಗೆ ಎರಡಡಿ ಸಂದು ಇರಲಿ. ಮುಂಗಾರಿನ ಗಾಳಿ ಅದೇ ಕಡೆಯಿಂದ ಬರುವುದು, ಪೂರ್ತಿ ಮುಚ್ಚಿದರೆ ಬಿಸಿಲಿನ ಜೊತೆಗೆ ಅದನ್ನೂ ಕಳೆದುಕೊಳ್ಳುತ್ತೀರಿ.

ಎರಡೂ ಸಾಲಿನ ನಡುವಿನ ಒಂದು ಜೋಡಿ ಕೋಣೆ, ಎದುರುಬದುರು ಇರುವವು, ಬೇರೆ ಕೆಲಸಕ್ಕೆ ಬೇಕು. ನಿಮ್ಮ ಕಾರಿಡಾರು 6 ಅಡಿ, 12 ಅಲ್ಲ. ಅದರಲ್ಲಿ ಕೂರುವುದಿರಲಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕು. ಕೆರಳಿದ ಮನಸ್ಸಿನವರಿಗೆ ಜಗಳ ಹತ್ತುವುದು ಇಂಥ ಕಡೆಯೇ. ಆ ಜೋಡಿ ಕೋಣೆಗಳ ಕಾರಿಡಾರು ಬದಿಯ ಬಾಗಿಲನ್ನು 3 ಅಡಿಯಿಂದ 6 ಅಡಿಗೆ ಅಗಲಿಸಿ, ಕದ ತೆಗೆದುಬಿಡಿ. ನಡುಮನೆಯಂಥ ಒಂದು ತೆರೆದ ಪಡಸಾಲೆ ಸಿಗುತ್ತದೆ, ಪೂರ್ವದ ಕಿಟಕಿಯಿಂದ ಪಶ್ಚಿಮದ ಜಗಲಿಯವರೆಗೆ ಗಾಳಿ ಹಾಯುತ್ತದೆ, ಕಾರಿಡಾರಿನ ನಡುಗತ್ತಲೆ ಹೋಗುತ್ತದೆ. ಶುಶ್ರೂಷಕಿ ಅಲ್ಲಿ ಕುಳಿತರೆ ಎರಡೂ ತುದಿ ಕಾಣುತ್ತವೆ, ಗಾಜಿನ ಪೆಟ್ಟಿಗೆ ಕಟ್ಟುವುದು ಬೇಡ. ಆದರೆ ಅದು ಭಾರ ಹೊತ್ತ ಗೋಡೆ. ಅಗಲಿಸುವ ಮುನ್ನ ಮೇಲಿನ ಜಂತಿಗಳಿಗೆ ಎರಡೂ ಬದಿ ಆಸರೆ ಕೊಡಬೇಕು, ಹೊಸ ಲಿಂಟಲಿಗೆ (ಬಾಗಿಲ ಮೇಲಿನ ತೊಲೆಗೆ) ಎರಡೂ ಕಡೆ ಕನಿಷ್ಠ ಒಂದಡಿ ಕೂರುವ ಜಾಗ ಬೇಕು, ಗೋಡೆಯ ಅರ್ಧ ದಪ್ಪಕ್ಕೆ ಮೊದಲು ಒಂದು ತೊಲೆ ಸೇರಿಸಿ, ಅದು ಗಟ್ಟಿಯಾದಮೇಲೆ ಉಳಿದರ್ಧ. ಸ್ಟ್ರಕ್ಚರಲ್ ಎಂಜಿನಿಯರರ ಸಹಿಯಿಲ್ಲದೆ ಮೇಸ್ತ್ರಿಯ ಧೈರ್ಯದ ಮೇಲೆ ಇದನ್ನು ಮಾಡಬೇಡಿ. ಗೋಡೆಯನ್ನೇ ಪೂರ್ತಿ ತೆಗೆದು ಹಾಲ್ ಮಾಡೋಣ ಎನ್ನುವವರಿಗೆ ಬೇಡ ಎನ್ನಿ.

ಶೌಚಾಲಯ ಎಲ್ಲಿ? ಇದಕ್ಕೂ ಹಳಬರ ಉತ್ತರವಿದೆ. ಹತ್ತೊಂಬತ್ತನೇ ಶತಮಾನದ ಆಸ್ಪತ್ರೆಗಳಲ್ಲಿ ಶೌಚಾಲಯವನ್ನು ವಾರ್ಡಿಗೆ ಅಂಟಿಸದೆ, ಎರಡೂ ಬದಿ ಕಿಟಕಿಯಿದ್ದ ಒಂದು ಚಿಕ್ಕ ಹಾದಿಯ ಆಚೆ ಇಡುತ್ತಿದ್ದರು. ಹಾದಿಯ ಅಡ್ಡಗಾಳಿ ವಾಸನೆಯನ್ನು ಒಳಗೆ ಬಿಡುತ್ತಿರಲಿಲ್ಲ. ನೀವು ಈಶಾನ್ಯ, ಆಗ್ನೇಯ ಎಂದು ವಾಸ್ತುವಿನ ಚರ್ಚೆಗೆ ಇಳಿಯುವ ಮೊದಲು ಗಾಳಿ ನೋಡಿ: ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ, ಆದ್ದರಿಂದ ಶೌಚಾಲಯ ಪೂರ್ವದ ಕಡೆ, ಕಟ್ಟಡದಿಂದ 8ರಿಂದ 10 ಅಡಿ ದೂರ, ನಡುವೆ ಮಾಡು ಹಾಕಿದ ಬದಿ ತೆರೆದ ಹಾದಿ. ಕದ ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಕದ ಅವರ ಮೈಗೇ ತಾಗಿ ನಿಲ್ಲುತ್ತದೆ. ಚಿಲಕ ಹೊರಗಿನಿಂದಲೂ ನಾಣ್ಯದಿಂದ ತಿರುಗಿಸುವಂಥದ್ದಿರಲಿ. ಕದದ ಕೆಳಗೆ ಅರ್ಧ ಅಡಿ ಸಂದು ಬಿಡಿ. ಮಲಗುವ ಕೋಣೆಗೂ ಇದೇ ಸೂತ್ರ, ಹಳೆಯ ಆಸ್ಪತ್ರೆಗಳಲ್ಲಿ ಕೋಣೆಯ ಕದ ಕಾರಿಡಾರಿಗೆ ತೆರೆಯುತ್ತಿದ್ದದ್ದು ಒಳಗಿನವರು ಮಂಚ ಒತ್ತಿ ತಡೆಯದಿರಲೆಂದು. ನಿಮ್ಮ 6 ಅಡಿಯಲ್ಲಿ ಅದು ದಾರಿಗೆ ಅಡ್ಡಬರುತ್ತದೆ, ಅದಕ್ಕೆ ಬಿಜಾಗರಿ ಕದವನ್ನು ಪೂರ್ತಿ ಹಿಂದಕ್ಕೆ ಮಡಚಿ ಗೋಡೆಗೆ ಒರಗಿಸುವಂಥದ್ದು ಹಾಕಿಸಿ.

ಜೀವಕ್ಕೆ ಅಪಾಯ ಮಾಡಿಕೊಳ್ಳಬಹುದಾದವರು ಇರುವ ಕೋಣೆಯಲ್ಲಿ ಬಟ್ಟೆ ಕಟ್ಟಬಹುದಾದ ಗಟ್ಟಿ ಜಾಗ ಒಂದೂ ಉಳಿಯಬಾರದು. ಜನ ಮೇಲೆ ಮಾತ್ರ ನೋಡುತ್ತಾರೆ, ತಪ್ಪು. ಕೈಗೆಟುಕುವ ಎತ್ತರದವನ್ನೂ ನೋಡಬೇಕು. ಕೆಲಸ ಮುಗಿದಮೇಲೆ ಒಬ್ಬ ಮನೋವೈದ್ಯ, ಒಬ್ಬ ಬಡಗಿ ಸೇರಿ ಕೋಣೆ ಕೋಣೆ ಸುತ್ತಿ, ಮೊಳೆ, ಕೊಕ್ಕೆ, ಕೊಳವೆ, ಹಿಡಿಕೆ ಒಂದೊಂದನ್ನೂ ಎಳೆದು ನೋಡಿ ಪಟ್ಟಿ ಮಾಡಲಿ. ಫ್ಯಾನು ಇಲ್ಲದೆ ಬಳ್ಳಾರಿಯಲ್ಲಿ ಆಗುವುದಿಲ್ಲ, ಗೋಡೆಗೆ ಎತ್ತರದಲ್ಲಿ ಪಂಜರದ ಸಮೇತ ಕೂರಿಸುವ ಫ್ಯಾನು ಹಾಕಿ. ಪರದೆಯ ಕಂಬಿ ಸ್ವಲ್ಪ ಭಾರಕ್ಕೇ ಕಳಚಿ ಬೀಳುವಂಥದ್ದಿರಲಿ. ಗೋಡೆಯ ಮೂಲೆಗಳನ್ನು ದುಂಡಾಗಿ ಗಿಲಾಯಿ ಮಾಡಿಸಿ, ವಿಕ್ಟೋರಿಯಾ ಕಾಲದವರು ಅದಕ್ಕೆಂದೇ ದುಂಡು ಮೂಲೆಯ ಇಟ್ಟಿಗೆ ಸುಡಿಸುತ್ತಿದ್ದರು.

ಕಿಟಕಿಗೆ ಈಗಿರುವ ಸರಳಿನ ಮೇಲೆ ಇನ್ನೊಂದು ಗ್ರಿಲ್ ಕೂರಿಸಿ ಬೆಸುಗೆ ಹಾಕಬೇಡಿ. 100 ಮಿಲಿಮೀಟರಿಗಿಂತ ಹೆಚ್ಚು ತೆರೆಯದ ಕದ ಸಾಕು. ಗ್ರಿಲ್ ಬೇಕೇ ಬೇಕಾದರೆ ಪ್ರತಿ ಕೋಣೆಯಲ್ಲೂ ಒಂದು ಗ್ರಿಲ್ ಬಿಜಾಗರಿಯ ಮೇಲೆ ಹೊರಕ್ಕೆ ತೆರೆಯಬೇಕು, ಎಲ್ಲಕ್ಕೂ ಒಂದೇ ಕೀಲಿ, ಆ ಕೀಲಿ ಪಾಳಿಯ ಪ್ರತಿಯೊಬ್ಬರ ಕೈಯಲ್ಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿನ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಸತ್ತರು. ಕಾರಿಡಾರಿನ ಎರಡೂ ತುದಿ ತೆರೆದಿರಬೇಕೆಂದು ನಾನು ಹಠ ಹಿಡಿಯುವುದಕ್ಕೆ ಗಾಳಿಯಷ್ಟೇ ಇದೂ ಕಾರಣ. ದಕ್ಷಿಣದ ತುದಿ ಬಿಚ್ಚಿದಮೇಲೆ ಅಲ್ಲಿ ಕಿಟಕಿಯಲ್ಲ, ಹೊರಕ್ಕೆ ತೆರೆಯುವ ಬಾಗಿಲು, ಅದರ ಮೇಲೆ ಗಾಜಿನ ಬೆಳಕಿಂಡಿ. ಕೂಡಿಹಾಕುವ ಕೋಣೆಯೊಂದು ಇರಲಿ ಎಂದು ಯಾರಾದರೂ ಹೇಳಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ತೋರಿಸಿ, ಒಂಟಿ ಬಂಧನಕ್ಕೆ ಅಲ್ಲಿ ಜಾಗವಿಲ್ಲ. ಸರಪಳಿಗೆ 95ನೇ ಕಲಮಿನ ನಿಷೇಧವಿದೆ. ಹಾಸಿಗೆ ಹಾಕುವ ಮೊದಲು ಅದೇ ಕಾಯ್ದೆಯಂತೆ ನೋಂದಣಿ ಆಗಬೇಕು.

ಇನ್ನು ಮಾಳಿಗೆ. ಮದ್ರಾಸ್ ತಾರಸಿ ಎಂದರೆ ತೇಗದ ಜಂತಿ, ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಕೂರಿಸಿದ ತೆಳು ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯ ಕಾಂಕ್ರೀಟು, ಮೇಲೆ ಚಪ್ಪಟೆ ಬಿಲ್ಲೆ. ಸೋರಿದ ಕೂಡಲೇ ಗುತ್ತಿಗೆದಾರರು ಹೇಳುವ ಪರಿಹಾರ ನಾಲ್ಕಂಗುಲ ಸಿಮೆಂಟು ಕಾಂಕ್ರೀಟು. ಲೆಕ್ಕ ಹಾಕಿ: 72 ಅಡಿಗೆ 36 ಅಡಿ ಎಂದರೆ ಸುಮಾರು 241 ಚದರ ಮೀಟರ್, ನಾಲ್ಕಂಗುಲದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 240 ಕಿಲೋ, ಒಟ್ಟು 58 ಟನ್ ಹತ್ತಿರ. ಅಷ್ಟನ್ನು ನೂರು ವರ್ಷ ದುಡಿದ ಜಂತಿಗಳ ಮೇಲೆ ಹೇರುತ್ತೀರಿ. ಜೊತೆಗೆ ಸೋರಿಕೆಯೂ ನಿಲ್ಲುವುದಿಲ್ಲ. ಸಿಮೆಂಟು ಬಿರುಕು ಬಿಡುತ್ತದೆ, ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆವಿಯಾಗಲಾರದೆ ಮರದಲ್ಲಿ ನಿಲ್ಲುತ್ತದೆ.

ಜಂತಿ ಕೊಳೆಯುವುದು ನಡುವೆ ಅಲ್ಲ, ಗೋಡೆಯೊಳಗೆ ಹೂತ ತುದಿಯಲ್ಲಿ. ಪ್ರತಿ ಜಂತಿಯ ತುದಿಗೂ ದಬ್ಬಳ ಚುಚ್ಚಿ ನೋಡಿ. ಗಟ್ಟಿಮರದಲ್ಲಿ ಕಾಲು ಅಂಗುಲವೂ ಇಳಿಯದು. ಸಲೀಸಾಗಿ ಒಂದಂಗುಲ ಇಳಿದರೆ, ಅಥವಾ ಸುತ್ತಿಗೆ ಬಡಿದಾಗ ಡಬ್ಬಿಯ ಸದ್ದು ಬಂದರೆ, ಆ ತುದಿ ಹೋಗಿದೆ. ಇಡೀ ಜಂತಿ ಬದಲಿಸುವುದು ಬೇಕಿಲ್ಲ, ಗೋಡೆಗೆ ಕಲ್ಲಿನ ಅಥವಾ ಕಬ್ಬಿಣದ ಆಸರೆ ಕೂರಿಸಿ, ಕೆಟ್ಟ ಭಾಗ ಕತ್ತರಿಸಿ, ಎರಡೂ ಬದಿ ಕಬ್ಬಿಣದ ಪಟ್ಟಿಯಿಂದ ಹೊಸ ತುಂಡು ಬೆಸೆಯಬಹುದು. ತುದಿಯ ಸುತ್ತ ಅರ್ಧ ಅಂಗುಲ ಗಾಳಿ ಆಡುವ ಸಂದು ಬಿಡಿ, ಗಾರೆಯಿಂದ ಮುಚ್ಚಬೇಡಿ.

ಮೇಲಿನ ಪದರ ಕೆಟ್ಟ ಕಡೆ ಅಗೆದು ಮತ್ತೆ ಸುಣ್ಣದಲ್ಲೇ ಹಾಕಿಸಿ. ಒಂದಂಗುಲದ ಇಟ್ಟಿಗೆ ಜಲ್ಲಿ 100 ಪಾಲು, ಸುಣ್ಣದ ಗಾರೆ 50 ಪಾಲು. ಆ ಗಾರೆಯಲ್ಲಿ ನೆನೆದ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 2. ಕಲಸುವ ನೀರಿಗೆ ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ರಸ. ಸುಣ್ಣ ಕನಿಷ್ಠ ಒಂದು ವಾರ ತೊಟ್ಟಿಯಲ್ಲಿ ನೆನೆದಿರಬೇಕು, ಇಲ್ಲದಿದ್ದರೆ ಅರಳದ ಕಣ ಗೋಡೆಯಲ್ಲಿ ಅರಳಿ ಗುಳ್ಳೆ ಏಳುತ್ತದೆ. ಪದರ ನಾಲ್ಕಂಗುಲ, ನೀರು ಹರಿಯಲು 60 ಅಡಿಗೆ ಒಂದಡಿ ಇಳಿಜಾರು. ಆಳುಗಳು ಸಾಲಾಗಿ ಕುಳಿತು ಮರದ ಕೊಡತಿಯಿಂದ ಮೂರು ದಿನವಾದರೂ ಬಡಿಯಬೇಕು, ಕೊಡತಿ ಪುಟಿಯತೊಡಗಿದಾಗ ಆಯಿತೆಂದು ಅರ್ಥ. ಮೇಲೆ ಹತ್ತು ದಿನ ಒದ್ದೆ ಚೀಲ. ಈ ಕೆಲಸ ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿ. ಏಪ್ರಿಲಿನ ಬಿಸಿಲಿಗೆ ಸುಣ್ಣ ಗಟ್ಟಿಯಾಗುವ ಮುನ್ನವೇ ಒಣಗಿ ಪುಡಿಯಾಗುತ್ತದೆ. ಉಪ್ಪಿನ ಬೋರ್‌ವೆಲ್ ನೀರು ಬಳಸಬೇಡಿ, ಮರುವರ್ಷ ಗೋಡೆಯೆಲ್ಲ ಬಿಳಿ ಉಪ್ಪು ಕಾರುತ್ತದೆ.

ಗೋಡೆಯ ಕೆಳಭಾಗದಲ್ಲಿ ಸಿಮೆಂಟು ಗಿಲಾಯಿ ಇದ್ದರೆ ಅದೂ ಹೋಗಬೇಕು. ತಟ್ಟಿದಾಗ ಟೊಳ್ಳು ಸದ್ದು ಬರುವಲ್ಲಿಂದ ಶುರುಮಾಡಿ, ತೇವದ ಗೆರೆಗಿಂತ ಮೂರಡಿ ಮೇಲಿನವರೆಗೆ ಕಿತ್ತು, ಸಂದುಗಳನ್ನು ಒಂದಂಗುಲ ಕೆರೆದು, ಒಂದು ಬೇಸಿಗೆ ಹಾಗೇ ಒಣಗಲು ಬಿಟ್ಟು, ಆಮೇಲೆ ಸುಣ್ಣ 1 ಮರಳು 3ರ ಗಿಲಾಯಿ, ಸುಣ್ಣದ ಬಣ್ಣ. ಪ್ಲಾಸ್ಟಿಕ್ ಪೇಂಟು ಬಳಿದರೆ ಮತ್ತೆ ಮೊದಲಿನ ಕಥೆ.

ಕೊನೆಗೆ ನೀರು. 6 ಹಾಸಿಗೆಗೆ ಒಂದಕ್ಕೆ 340 ಲೀಟರ್, ಹಗಲಿನ 30 ಜನಕ್ಕೆ ತಲಾ 45, ಒಟ್ಟು ದಿನಕ್ಕೆ 3,390 ಲೀಟರ್. ಊರಿನ ನಳ ಮೂರು ದಿನಕ್ಕೊಮ್ಮೆ ಬಂದರೂ ನಡೆಯಬೇಕಾದರೆ 10,000 ಲೀಟರಿಗಿಂತ ತುಸು ದೊಡ್ಡ ತೊಟ್ಟಿ ಬೇಕು. ಅದು ನೆಲದಡಿಯಲ್ಲಿರಲಿ. ಮೇಲಿನ ಟ್ಯಾಂಕನ್ನು ಶೌಚಾಲಯದ ಬದಿಗೆ ಬೇರೆ ಕಬ್ಬಿಣದ ಅಟ್ಟಣಿಗೆ ನಿಲ್ಲಿಸಿ ಅದರ ಮೇಲಿಡಿ, ತಾರಸಿಯ ಮೇಲೆ ಒಂದೇ ಒಂದು ಸಾವಿರ ಲೀಟರಿನ ಟ್ಯಾಂಕೂ ಬೇಡ. ತುಂಬಿದ ಟ್ಯಾಂಕು ಒಂದು ಟನ್, ತೂಬಿನ ಸೋರಿಕೆ ನೇರವಾಗಿ ಜಂತಿಯ ತುದಿಗೆ.